ಇಷ್ಟೊಂದು ನೋವಿನ ನಡುವೆ ಕ್ರೈಸ್ತರು ಯಾವ ಧೈರ್ಯದಲ್ಲಿ ನಿರೀಕ್ಷೆ ಇಟ್ಟುಕೊಳ್ಳುವುದು?

ಯುದ್ಧದ ಸುದ್ದಿ, ಕುಸಿದ ಕಟ್ಟಡದ ಅಡಿಯಿಂದ ಮಕ್ಕಳನ್ನು ಹೊರತೆಗೆಯುವ ವಿಡಿಯೋ ನೋಡಿ ನೋಡಿ ಮನಸ್ಸು ಮರಗಟ್ಟಿದೆ, ಭಾನುವಾರ ಆರಾಧನೆಯಲ್ಲಿ ನಿಂತರೆ ಹಾಡು ಬಾಯಿಗೆ ಬರುತ್ತಿಲ್ಲ, ದೇವರು ಒಳ್ಳೆಯವನು ಅನ್ನುವುದೇ ಸುಳ್ಳು ಅನ್ನಿಸುತ್ತಿದೆ ಎಂದು ಬರೆದಿದ್ದೀರಿ. ಮರಗಟ್ಟಿದೆ ಅಂತ ನಿಮಗೆ ಸಂಕಟ ಆಗುತ್ತಿದೆ ಅಲ್ವಾ? ಹಾಗಾದರೆ ಒಳಗೆ ಇನ್ನೂ ಜೀವ ಇದೆ.

ನನ್ನ ತಮ್ಮ 31ನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ತೀರಿಕೊಂಡ. ಆ ವಾರ ಮನೆಗೆ ಬಂದವರೆಲ್ಲ ಏನಾದರೂ ಒಂದು ಕಾರಣ ಕೊಟ್ಟು ಹೋದರು. ದೇವರ ಚಿತ್ತ ಅಂದರು. ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ ಅಂದರು. ಒಬ್ಬರಂತೂ, ಮನೆಯಲ್ಲಿ ಯಾರದೋ ಪಾಪ ಇರಬಹುದು, ಪರೀಕ್ಷೆ ಮಾಡಿಕೊಳ್ಳಿ ಎಂದು ನಮ್ಮಮ್ಮನ ಮುಖಕ್ಕೇ ಹೇಳಿದರು. ಆ ಮಾತನ್ನು ನಾನು ವರ್ಷಗಟ್ಟಲೆ ಎದೆಯಲ್ಲಿ ಹೊತ್ತು ತಿರುಗಿದೆ.

ಅದನ್ನು ಇಳಿಸಿದ್ದು ಬೈಬಲ್‌ನ ಲೂಕನ ಸುವಾರ್ತೆಯ 13ನೇ ಅಧ್ಯಾಯ. ಯೆರೂಸಲೇಮಿನ ಸಿಲೊವಾಮಿನಲ್ಲಿ ಒಂದು ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಎಂದು ಯೇಸು ತಾನೇ ಕೇಳಿ, ಇಲ್ಲ ಅನ್ನುತ್ತಾನೆ. ಹಾಗಾದರೆ ಯಾಕೆ ಸತ್ತರು? ಅದನ್ನು ಅವನು ಹೇಳುವುದೇ ಇಲ್ಲ. ಸತ್ತವರ ಲೆಕ್ಕ ಬಿಡಿ, ನೀವು ದೇವರ ಕಡೆಗೆ ತಿರುಗಿಕೊಳ್ಳಿ ಎಂದು ಕೇಳುತ್ತಿದ್ದವರ ಕಡೆಗೇ ಮಾತು ತಿರುಗಿಸುತ್ತಾನೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆಯಲ್ಲೂ ಅಷ್ಟೇ. ಅವನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹೇಳಲು ಶುರು ಮಾಡಿದ ಮೇಲೆ ಎಲ್ಲ ಕೆಟ್ಟಿತು, ಕೊನೆಗೆ ದೇವರು ಕೋಪ ಮಾಡಿಕೊಂಡಿದ್ದು ಆ ಗೆಳೆಯರ ಮೇಲೆ, ಅಷ್ಟೆಲ್ಲ ಕೂಗಾಡಿ ದೇವರನ್ನೇ ಪ್ರಶ್ನೆ ಮಾಡಿದ ಯೋಬನನ್ನು ಸರಿಯಾಗಿ ಮಾತಾಡಿದವನು ಅಂದ.

ಹಾಗಾಗಿ ಕೆಡುಕು ಯಾಕಿದೆ ಅನ್ನುವ ಪ್ರಶ್ನೆಗೆ ನಾನು ನಿಮಗೆ ಉತ್ತರ ಕೊಡುವುದಿಲ್ಲ. ನನ್ನ ಹತ್ತಿರ ಉತ್ತರ ಇಲ್ಲ. ಆದರೂ ನನಗೆ ನಿರೀಕ್ಷೆ ಇದೆ, ಅದು ಎಲ್ಲಿಂದ ಬಂತು ಅಂತ ಮಾತ್ರ ಹೇಳಬಲ್ಲೆ.

ಯೇಸು ಜನರನ್ನು ನೋಡಿ ಕನಿಕರಪಟ್ಟ ಎಂದು ಸುವಾರ್ತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿರುವ ಗ್ರೀಕ್ ಕ್ರಿಯಾಪದ ಹುಟ್ಟಿರುವುದು ಕರುಳು ಅನ್ನುವ ಅರ್ಥದ ಪದದಿಂದ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರುಳು ಚುರ್ ಅಂತು ಅಂತೀವಲ್ಲ, ಅದೇ. ಸತ್ತುಹೋದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಅವನು ಅಳುತ್ತಾನೆ, ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ತಾನೇ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅಳುತ್ತಾನೆ. ಶಿಲುಬೆಯ ಮೇಲೆ ಬೈಬಲ್‌ನ 22ನೇ ಕೀರ್ತನೆಯ ಮೊದಲ ಮಾತನ್ನೇ ಕೂಗುತ್ತಾನೆ: ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ? ನಿಮ್ಮ ಪ್ರಶ್ನೆಯೂ ಅದೇ ಅಲ್ವಾ? ದೇವರ ಮಗನೇ ಕೇಳಿದ ಪ್ರಶ್ನೆಯನ್ನು ಕೇಳಿದ್ದಕ್ಕೆ ನೀವು ಅಪನಂಬಿಕೆಯವರು ಹೇಗೆ ಆಗುತ್ತೀರಿ?

ಇನ್ನು ಕೆಲಸದ ಮಾತು. ಇಡೀ ಲೋಕದ ನೋವನ್ನು ಫೋನಿನಲ್ಲಿ ನೋಡುತ್ತಾ ಕೂತರೆ ಯಾರ ಕರುಳೂ ತಡೆಯುವುದಿಲ್ಲ, ಕೊನೆಗೆ ಮರಗಟ್ಟಲೇಬೇಕು. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನಿಗೆ ನೆರವಾದ ಸಮಾರ್ಯದವನ ಬಗ್ಗೆ ಯೇಸು ಹೇಳಿದ ಕಥೆ ನೆನಪಿಸಿಕೊಳ್ಳಿ. ಅವನು ಆ ದಾರಿಯ ಕಳ್ಳರ ಕಾಟವನ್ನೆಲ್ಲ ನಿಲ್ಲಿಸಲಿಲ್ಲ. ಬಿದ್ದಿದ್ದ ಒಬ್ಬನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ವಾಹನದ ಪಶುವಿನ ಮೇಲೆ ಕೂರಿಸಿಕೊಂಡು ಹೋದ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಆಮೇಲೆ ತನ್ನ ಪ್ರಯಾಣ ಮುಂದುವರಿಸಿದ. ನನಗೆ ಇದು ದೊಡ್ಡ ಬಿಡುಗಡೆ. ಸುದ್ದಿ ನೋಡುವುದನ್ನು ದಿನಕ್ಕೆ ಒಂದು ಸಲಕ್ಕೆ ಇಳಿಸಿ, ನಿಮ್ಮ ಕೈಗೆಟುಕುವ ಒಬ್ಬರನ್ನು ಹಿಡಿದುಕೊಳ್ಳಿ.

ಸಿಸಿಲಿ ಸಾಂಡರ್ಸ್ ಎಂಬ ಇಂಗ್ಲೆಂಡಿನ ಕ್ರೈಸ್ತ ಮಹಿಳೆಯನ್ನು ನಾನು ಆಗಾಗ ನೆನೆಯುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನರ್ಸ್ ತರಬೇತಿ ಪಡೆದರು, ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು. 1948ರಲ್ಲಿ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ಯಹೂದಿ ನಿರಾಶ್ರಿತ ಕ್ಯಾನ್ಸರ್‌ನಿಂದ ಸಾಯುತ್ತಿದ್ದಾಗ ಅವನ ಪಕ್ಕ ಕೂತು ಮಾತಾಡುತ್ತಿದ್ದರು. ಅವನು ತನ್ನ 500 ಪೌಂಡ್ ಅವರಿಗೆ ಬಿಟ್ಟು, ನೀವು ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗುತ್ತೇನೆ ಅಂದನಂತೆ. ಸಿಸಿಲಿ ಆಮೇಲೆ ವೈದ್ಯಶಾಸ್ತ್ರ ಓದಿದರು. ರೋಗಿ ನೋವಿನಿಂದ ಒದ್ದಾಡಿ ಬೇಡುವ ತನಕ ಕಾಯದೆ, ಹೊತ್ತು ಹೊತ್ತಿಗೆ ಮಾರ್ಫಿನ್ ಎಂಬ ನೋವಿನ ಔಷಧಿ ಕೊಟ್ಟರೆ ನೋವು ಹತೋಟಿಯಲ್ಲಿರುತ್ತದೆ ಎಂದು ತೋರಿಸಿಕೊಟ್ಟರು. ಸಾಯುವವರನ್ನು ಆರೈಕೆ ಮಾಡಲು ಅವರು ಕಟ್ಟಿದ ಆ ಮನೆ, ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಬಾಗಿಲು ತೆರೆದದ್ದು 1967ರಲ್ಲಿ. ಆ ಒಬ್ಬ ಮನುಷ್ಯನ ಹಾಸಿಗೆಯಿಂದ ಅಲ್ಲಿಗೆ 19 ವರ್ಷ! ಸಾವು ನಿಲ್ಲಲಿಲ್ಲ, ಆದರೆ ಸಾಯುವವರ ನರಳಾಟ ಎಷ್ಟು ಕಡಿಮೆಯಾಯಿತು. ನನ್ನ ತಮ್ಮನ ಕೊನೆಯ ದಿನಗಳಲ್ಲಿ ಅವನಿಗೆ ನಿದ್ದೆ ಬಂದದ್ದು ಅಂಥದೇ ಔಷಧಿಯಿಂದ.

ನೋವಿನ ನಡುವೆಯೂ ಉಳಿಯುವ ಈ ಭರವಸೆಗೆ ನಮ್ಮ ಬೈಬಲ್‌ನಲ್ಲಿ ಬಳಸಿರುವ ಪದ ನಿರೀಕ್ಷೆ. ಕಾಯುವುದು. ಎಲ್ಲ ಸರಿಹೋಗುತ್ತೆ ಬಿಡು ಅನ್ನುವ ಹಗುರ ಮಾತು ಅದರೊಳಗೆ ಇಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಇಡೀ ಸೃಷ್ಟಿ ಹೆರಿಗೆ ನೋವಿನಲ್ಲಿ ನರಳುತ್ತಿದೆ ಅನ್ನುತ್ತಾನೆ. ಆ ನೋವು ನಿಜವಾದ ನೋವೇ, ಆದರೆ ಅದರ ತುದಿಯಲ್ಲಿ ಒಂದು ಮಗುವಿದೆ. ಮತ್ತೆ, ಸತ್ತು ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ನಂಬಲಾರೆ ಅಂದ ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ, ಯಾಕೆಂದರೆ ನನ್ನ ತಮ್ಮ ಪಟ್ಟ ಪಾಡನ್ನು ದೇವರು ಏನೂ ಆಗಿಲ್ಲ ಎಂದು ಒರೆಸಿಹಾಕುವುದಿಲ್ಲ ಅಂತ ನನಗೆ ಅಲ್ಲಿ ಕಾಣುತ್ತದೆ.

ಕಾರಣ ಹೇಳಿದವರ ಬಗ್ಗೆ ಬರೆದೆ, ಹೇಳದವರ ಬಗ್ಗೆ ಬರೆಯಲಿಲ್ಲ. ನಮ್ಮ ಸಭೆಯ ಒಬ್ಬ ಅಜ್ಜಿ ಸುಮಾರು ಒಂದು ತಿಂಗಳು ದಿನಾ ಸಂಜೆ ಬಂದು ಅಮ್ಮನ ಪಕ್ಕ ಕೂರುತ್ತಿದ್ದರು. ಮಾತ್ರೆ ಕೊಟ್ಟು, ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದರು. ಒಂದು ವಚನ ಕೂಡ ಹೇಳಲಿಲ್ಲ. ಅಮ್ಮ ಮತ್ತೆ ಪ್ರಾರ್ಥನೆ ಮಾಡಲು ಶುರು ಮಾಡಿದ್ದು ಅವರ ಜೊತೆಗೇ.

ಈ ರಾತ್ರಿ ಆದರೆ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ, ಆದರೂ ಅದು ಪ್ರಾರ್ಥನೆ. ಭಾನುವಾರ ಹೋಗಿ. ಹಾಡು ಬರದಿದ್ದರೆ ಹಾಡಬೇಡಿ. ನೀವು ಕೂತಿರಿ, ನಿಮ್ಮ ಪಾಲಿನದನ್ನು ಸದ್ಯಕ್ಕೆ ಪಕ್ಕದವರು ಹಾಡುತ್ತಾರೆ.