ನೋಯದ ಹುಣ್ಣು: ರೇಷ್ಮೆ ಬೆಳೆಗಾರ್ತಿಯೊಬ್ಬರ ಪಾದದ ಪ್ರಕರಣ

ಮುನಿರತ್ನಮ್ಮ ಎಂಬುದು ಈ ಬರಹಕ್ಕಾಗಿ ಇಟ್ಟ ಹೆಸರು. ಗುರುತು ಸಿಗದಿರಲೆಂದು ಕುಟುಂಬದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. 52 ವರ್ಷದ ಇವರು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನವರು. ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲೇ ಹುಳುಮನೆ, ಗಂಡ, ಮಗ, ಸೊಸೆ. ಸಕ್ಕರೆ ಕಾಯಿಲೆ ಪತ್ತೆಯಾಗಿ 11 ವರ್ಷಗಳಾಗಿದ್ದವು. ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿಗೆ ತಿಂಗಳ ಮಾತ್ರೆ ಪಡೆಯಲು ಬಂದಾಗ ಬಲಗಾಲಿಗೆ ಸುತ್ತಿದ್ದ ಹಳೆಯ ಸೀರೆಯ ತುಂಡನ್ನು ಗಮನಿಸಿದ ನರ್ಸ್ ಅದನ್ನು ಬಿಚ್ಚಿಸಿದರು. ವೈದ್ಯರು ಪರೀಕ್ಷಿಸಿ, ಹುಣ್ಣನ್ನು ಶುಚಿಗೊಳಿಸಿ ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿಸಬೇಕೆಂದರು. ಆಕೆ ಒಪ್ಪಲಿಲ್ಲ. ರೋಗಿಗಳಿಗೆ ತಿಳಿಹೇಳಿ ಸಲಹೆ ಕೊಡುವ ನನ್ನ ಬಳಿಗೆ ಕಳುಹಿಸಿದ್ದು ಆ ಕಾರಣಕ್ಕೆ.

"ನೋವೇ ಇಲ್ಲ ಮೇಡಂ, ಇದಕ್ಕ್ಯಾಕೆ ಇಷ್ಟು ರಾದ್ಧಾಂತ? ಹುಳ ನಾಲ್ಕನೇ ಜ್ವರ ಎದ್ದಿದಾವೆ. ಈಗ ನಾನು ಕಾಲು ಚಾಚ್ಕೊಂಡು ಕೂತ್ರೆ ಬೆಳೆ ಹೋಗುತ್ತೆ" ಎಂದರು. ಈ ಮಾತಿನಲ್ಲಿ ಮೊಂಡುತನವಿರಲಿಲ್ಲ. ಹುಳು ಪೊರೆ ಕಳಚುವ ಹಂತವನ್ನು ಬೆಳೆಗಾರರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಗೂಡು ಕಟ್ಟುವವರೆಗಿನ ಒಂದು ವಾರದಲ್ಲಿ, ಅದುವರೆಗೆ ತಿಂದ ಒಟ್ಟು ಸೊಪ್ಪಿಗಿಂತ ಎಷ್ಟೋ ಪಟ್ಟು ಹೆಚ್ಚು ಸೊಪ್ಪು ತಿನ್ನುತ್ತದೆ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಆ ವಾರ ಬೆಳೆಗಾರರ ಮನೆಯಲ್ಲಿ ಯಾರೂ ಕೂರುವುದಿಲ್ಲ.

ಹುಣ್ಣು ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಸುಮಾರು 2 ಸೆಂಟಿಮೀಟರ್ ಅಗಲವಿತ್ತು. ಸುತ್ತಲೂ ಬೆಳ್ಳಗೆ ದಪ್ಪನಾಗಿ ಜಡ್ಡುಗಟ್ಟಿದ ಚರ್ಮ. ಪಾದದ ಎರಡೂ ನಾಡಿಗಳು ಚೆನ್ನಾಗಿ ಸಿಗುತ್ತಿದ್ದವು, ಅಂದರೆ ರಕ್ತ ಹರಿಯುತ್ತಿತ್ತು. ಹುಣ್ಣಿನ ಆಳ ನೋಡಲು ಇಳಿಸಿದ ಸಲಾಕೆ ಎಲುಬಿಗೆ ತಗಲಲಿಲ್ಲ, ಎಕ್ಸ್‌ರೇಯಲ್ಲಿಯೂ ಎಲುಬು ಕೆಟ್ಟ ಲಕ್ಷಣವಿರಲಿಲ್ಲ. ಜ್ವರವಾಗಲಿ ಕೀವಾಗಲಿ ಇರಲಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಮಾತ್ರ ಶೇ. 10.4ಕ್ಕೆ ಏರಿತ್ತು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಬಲ ಪಾದದ ಬೇರೆ ಬೇರೆ ಜಾಗಗಳಿಗೆ ಮುಟ್ಟಿಸಿದಾಗ ಹಿಮ್ಮಡಿಯ ಹತ್ತಿರ ಒಂದು ಕಡೆ ಬಿಟ್ಟರೆ ಉಳಿದೆಡೆ ಅವರಿಗೆ ತಿಳಿಯಲೇ ಇಲ್ಲ.

ಹಿಂದಿನದನ್ನು ಕೇಳುತ್ತಾ ಹೋದಂತೆ ಕಥೆ ಬಿಡಿಸಿಕೊಂಡಿತು. ವರ್ಷದ ಹಿಂದೆ ಅಲ್ಲಿ ಆಣಿ ಎದ್ದಿತ್ತು. ನೆಂಟರೊಬ್ಬರು ಬ್ಲೇಡಿನಿಂದ ಅದನ್ನು ಹೆರೆದರು. ಮತ್ತೆ ಬೆಳೆದಾಗ ಔಷಧಿ ಅಂಗಡಿಯಿಂದ ಆಣಿಗೆ ಅಂಟಿಸುವ ಪಟ್ಟಿ ತಂದು ಹಾಕಿಕೊಂಡರು. ಆ ಪಟ್ಟಿಯಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ. ಅದು ಜಡ್ಡನ್ನು ಕರಗಿಸುವಾಗ ಪಕ್ಕದ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸ್ಪರ್ಶವಿಲ್ಲದ ಪಾದಕ್ಕೆ ಆ ಉರಿ ತಿಳಿಯುವುದೇ ಇಲ್ಲ. ಗಾಯವಾದ ಮೇಲೆ ಬಿಸಿ ಉಪ್ಪುನೀರಿನಲ್ಲಿ ಕಾಲಿಡುವುದು, ಅರಿಸಿನ ಮೆತ್ತುವುದು ನಡೆಯಿತು. ಇಷ್ಟೂ ದಿನ ಅವರು ಅದೇ ಕಾಲಿನ ಮೇಲೆ ನಿಂತು ಸೊಪ್ಪು ಕೊಯ್ದಿದ್ದಾರೆ, ಹೊತ್ತಿದ್ದಾರೆ, ಹಾಕಿದ್ದಾರೆ.

ಸಕ್ಕರೆ ಕಾಯಿಲೆ ಹಲವು ವರ್ಷ ಹತೋಟಿ ತಪ್ಪಿದಾಗ ಪಾದದ ನರಗಳು ಮೂರು ರೀತಿಯಲ್ಲಿ ಸೋಲುತ್ತವೆ. ಸ್ಪರ್ಶದ ನರಗಳು ಸೋತು ಮರಗಟ್ಟುತ್ತದೆ. ಪಾದದ ಸಣ್ಣ ಸ್ನಾಯುಗಳನ್ನು ಆಡಿಸುವ ನರಗಳು ಸೋತು ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡು, ಬೆರಳಿನ ಬುಡದ ಎಲುಬುಗಳ ಮೇಲೆ ಭಾರ ಹೆಚ್ಚುತ್ತದೆ. ಬೆವರಿನ ನರಗಳು ಸೋತು ಚರ್ಮ ಒಣಗಿ ಬಿರಿಯುತ್ತದೆ. ಭಾರ ಬಿದ್ದಲ್ಲಿ ಜಡ್ಡು ಬೆಳೆಯುತ್ತದೆ, ಬೆಳೆದ ಜಡ್ಡೇ ಗಟ್ಟಿ ವಸ್ತುವಾಗಿ ಒಳಗಿನ ಮೃದು ಮಾಂಸವನ್ನು ಒತ್ತುತ್ತದೆ, ಮೇಲೆ ಏನೂ ಕಾಣದಿರುವಾಗಲೇ ಕೆಳಗೆ ರಕ್ತ ಒಸರಿ ಕೊಳೆಯಲು ಶುರುವಾಗಿರುತ್ತದೆ. ಸ್ಪರ್ಶವಿರುವವರು ಈ ಹಂತಕ್ಕೆ ಬರುವ ಮೊದಲೇ ಕುಂಟುತ್ತಾರೆ. ತಮಗೆ ಅರಿವಿಲ್ಲದೆಯೇ ಆ ಜಾಗದ ಮೇಲಿನ ಭಾರವನ್ನು ಇಳಿಸಿಕೊಳ್ಳುತ್ತಾರೆ. ಮುನಿರತ್ನಮ್ಮನವರು ಕುಂಟಲಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ವೆಲ್ಲೂರಿನ ಆಸ್ಪತ್ರೆ ಹೊಸದಲ್ಲ. ಅಲ್ಲಿ 1946ರಿಂದ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕೈಕಾಲುಗಳು ರೋಗದಿಂದಲೇ ಉದುರುವುದಿಲ್ಲ, ನೋವಿನ ಅರಿವು ಹೋದ ಮೇಲೆ ದಿನನಿತ್ಯದ ಪೆಟ್ಟು, ಸುಟ್ಟಗಾಯ ಮತ್ತು ಒತ್ತಡದಿಂದ ಸವೆಯುತ್ತವೆ ಎಂದು ಕಂಡುಕೊಂಡವರು. ಪಾದದ ಹುಣ್ಣಿಗೆ ಪ್ಲಾಸ್ಟರ್ ಕಟ್ಟು ಹಾಕಿ ಭಾರ ಹಂಚುವ ವಿಧಾನವನ್ನು ಅವರು ಕುಷ್ಠರೋಗಿಗಳಲ್ಲಿ ಬಳಸಿದರು, ಮುಂದೆ ಅದು ಸಕ್ಕರೆ ಕಾಯಿಲೆಯ ಪಾದಕ್ಕೂ ಬಂತು. ಇದನ್ನು ನಾನು ಆಕೆಗೂ ಹೇಳಿದೆ. ಕಟ್ಟು ಎಂದರೆ ಮೂಳೆ ಮುರಿದವರಿಗೆ ಹಾಕುವುದೆಂದೇ ಅವರು ತಿಳಿದಿದ್ದರು. ಎಲುಬೇ ಮುರಿಯದ ಕಾಲಿಗೆ ಕಟ್ಟು ಏಕೆಂಬುದು ಅವರ ಅತ್ಯಂತ ಸಹಜವಾದ ಪ್ರಶ್ನೆಯಾಗಿತ್ತು.

ಮೊದಲ ಭೇಟಿಯಲ್ಲಿ ನಾನು ಊಟದ ವಿಚಾರ ಎತ್ತಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಕಾಲ ಮೇಲೆ ಎಷ್ಟು ಹೊತ್ತು ಇರುತ್ತೀರಿ ಎಂದು ಕೇಳಿ, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಿಸಿದೆ. ಸೊಪ್ಪು ಕೊಯ್ಯಲು ಮುಂಜಾನೆ, ಹಾಕಲು ಮೂರು ಹೊತ್ತು, ನಡುವೆ ಹುಳುಗಳ ಅಡಿಯ ಕಸದ ಹಾಸಿಗೆ ತೆಗೆಯುವುದು, ಹಸುವಿನ ಕೆಲಸ, ಅಡುಗೆ. ಹತ್ತು ಗಂಟೆ ದಾಟಿತು. ಆಮೇಲೆ ಅದೇ ನೈಲಾನ್ ಎಳೆಯನ್ನು ಸೊಸೆಯ ಅಂಗಾಲಿಗೆ ಮುಟ್ಟಿಸಿದೆ, ಆಕೆ ಪ್ರತಿ ಸಲವೂ "ಹೂಂ" ಎಂದಳು. ಅತ್ತೆಯ ಕಣ್ಣು ಮುಚ್ಚಿಸಿ ಅವರ ಅಂಗಾಲಿಗೆ ಮುಟ್ಟಿಸುತ್ತಾ ಹೋದೆ. ಅವರು ಸುಮ್ಮನೆ ಕಾಯುತ್ತಿದ್ದರು. "ಇನ್ನೂ ಮುಟ್ಟಿಸಲೇ ಇಲ್ವಾ?" ಎಂದು ಕೇಳಿದಾಗ ಸೊಸೆಯ ಮುಖ ಬದಲಾಯಿತು. ನೋವಿಲ್ಲವೆಂಬುದನ್ನು ಇಬ್ಬರೂ ಅಲ್ಲಿಯವರೆಗೆ ಒಳ್ಳೆಯ ಸುದ್ದಿ ಎಂದು ತಿಳಿದಿದ್ದರು.

ನಂತರದ ಮಾತು ಸುಲಭವಾಯಿತು, ಆದರೆ ಮುಗಿಯಲಿಲ್ಲ. ನಾಟಿ ಮಾಡಿದ ಹಿಪ್ಪುನೇರಳೆ ಕಡ್ಡಿ ಚಿಗುರೊಡೆಯುವಾಗ ದಿನಕ್ಕೆ ಸಾವಿರ ಸಲ ತುಳಿದರೆ ಯಾವ ಗೊಬ್ಬರ ಹಾಕಿದರೂ ಬರುವುದುಂಟೇ ಎಂದು ಕೇಳಿದೆ. ಹುಣ್ಣಿನ ಅಂಚಿನಲ್ಲಿ ಹೊಸ ಚರ್ಮ ಹುಟ್ಟುವುದಕ್ಕೂ ಅದೇ ನಿಯಮವೆಂದು ವಿವರಿಸಿದೆ. ಮುಲಾಮು, ಪಟ್ಟಿ ಯಾವುದೇ ಇರಲಿ, ಭಾರ ಇಳಿಯದಿದ್ದರೆ ಈ ಜಾಗದ ಹುಣ್ಣು ಮುಚ್ಚುವುದಿಲ್ಲ. "ಪವರ್ ಇರೋ ಮಾತ್ರೆ ಬರ್ಸಿಕೊಡಿ" ಎಂದು ಗಂಡ ಕೇಳಿದರು. ಸೋಂಕಿನ ಲಕ್ಷಣವಿಲ್ಲದ ಹುಣ್ಣಿಗೆ ಆಂಟಿಬಯೋಟಿಕ್ ಕೊಟ್ಟರೆ ಬೇಗ ವಾಸಿಯಾಗುವುದಿಲ್ಲ, ಮುಂದೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದೆ ಹೋಗಬಹುದು ಎಂದು ವೈದ್ಯರೇ ಬಂದು ಹೇಳಿದರು.

ಕಳಚಬಹುದಾದ ಬೂಟು ಕೊಟ್ಟರೆ ಸಾಲದೇ ಎಂಬುದು ಮಗನ ಪ್ರಶ್ನೆ. ತೆಗೆಯಬಹುದಾದ ಸಾಧನವನ್ನು ಜನ ಮನೆಯೊಳಗೆ ತೆಗೆದೇ ಇಡುತ್ತಾರೆ. ಇದನ್ನು ಅಳೆದು ನೋಡಿದ ಅಧ್ಯಯನದಲ್ಲಿ ರೋಗಿಗಳು ದಿನದ ನಡಿಗೆಯ ಮೂರನೆಯ ಒಂದು ಪಾಲಿಗಿಂತ ಕಡಿಮೆ ಹೊತ್ತು ಮಾತ್ರ ಅದನ್ನು ಧರಿಸಿದ್ದು ಕಂಡುಬಂದಿದೆ. ಅದಕ್ಕೇ ಅಂಗಾಲಿನ ಇಂಥ ಹುಣ್ಣಿಗೆ, ರಕ್ತದ ಹರಿವು ಚೆನ್ನಾಗಿದ್ದು ಸೋಂಕಿಲ್ಲದಿದ್ದರೆ, ಮೊಣಕಾಲಿನ ಕೆಳಗಿನವರೆಗಿನ ತೆಗೆಯಲಾಗದ ಕಟ್ಟು ಮೊದಲ ಆಯ್ಕೆ. ಒಳಗೆ ಹೊಸ ಗಾಯವಾಗದಂತೆ ನೋಡಲು ಅದನ್ನು ವಾರ ವಾರ ಬಿಚ್ಚಿ ಬದಲಿಸಬೇಕಾಗುತ್ತದೆ. ಬೆಂಗಳೂರಿನ ಪಾದ ಚಿಕಿತ್ಸಾ ಘಟಕಕ್ಕೆ ಪತ್ರ ಕೊಡಲಾಯಿತು.

ಉಳಿದದ್ದು ಆ ವಾರದ ಬೆಳೆ. ರೋಗಿಗೆ ವಿಶ್ರಾಂತಿ ಹೇಳಿ ಕಳುಹಿಸುವುದು ಸುಲಭ, ಆ ವಿಶ್ರಾಂತಿಯ ಕೂಲಿ ಯಾರು ಕೊಡುತ್ತಾರೆಂದು ಕೇಳದೆ ಕೊಟ್ಟ ಸಲಹೆಯನ್ನು ನಾನು ಸಲಹೆಯೆಂದು ಒಪ್ಪುವುದಿಲ್ಲ. ಗಂಡ, ಮಗ, ಸೊಸೆ ಮೂವರನ್ನೂ ಕೂರಿಸಿ ಕೆಲಸ ಹಂಚಿದೆವು. ಸೊಪ್ಪು ಕೊಯ್ಯಲು ಒಂದು ವಾರಕ್ಕೆ ಇಬ್ಬರು ಆಳು. ಹಾಕುವುದು ಮಗ, ಸೊಸೆ. ಹುಳು ಹಣ್ಣಾದಾಗ ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ಕೆಲಸವನ್ನು ಮುನಿರತ್ನಮ್ಮನವರು ಸ್ಟೂಲಿನ ಮೇಲೆ ಕೂತು ಮಾಡುವುದು. ಮುಂದಿನ ಬೆಳೆಗೆ ಚಾಕಿ ಹುಳು, ಅಂದರೆ ಎಳೆಯ ಹುಳು, ತರುವುದನ್ನು ಒಂದು ಬೆಳೆಯ ಮಟ್ಟಿಗೆ ಬಿಡಬೇಕೆಂದಾಗ ಗಂಡ ಬಹಳ ಹೊತ್ತು ಯೋಚಿಸಿ, ಅರ್ಧದಷ್ಟು ಮೊಟ್ಟೆಯ ಬೆಳೆಗೆ ಒಪ್ಪಿದರು. ನಾನು ಅಷ್ಟಕ್ಕೇ ತೃಪ್ತಳಾದೆ.

ಹುಳುಮನೆಯ ವಿಚಾರ ಇನ್ನೊಂದು ತೊಡಕಾಗಿತ್ತು. ಹುಳುವಿಗೆ ರೋಗ ತಗಲದಿರಲೆಂದು ಚಪ್ಪಲಿಯನ್ನು ಹೊರಗೆ ಬಿಟ್ಟು, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಉದುರಿಸಿದ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದು ಅವರ ರೂಢಿ. ಒಣಗಿ ಬಿರಿದ ಪಾದವನ್ನು ಆ ಪುಡಿ ಇನ್ನಷ್ಟು ಒಣಗಿಸುತ್ತದೆ, ಬಿರುಕಿಗೆ ಇಳಿದರೆ ಸುಡುತ್ತದೆ. "ಚಪ್ಪಲಿ ಹಾಕ್ಕೊಂಡು ಹುಳದ ಹತ್ರ ಹೋಗೋದಾ?" ಎಂಬ ಅವರ ಅಳುಕಿನಲ್ಲಿ ಶುಚಿಯ ಜೊತೆಗೆ ಭಕ್ತಿಯೂ ಇತ್ತು. ನಾನು ವಾದಿಸದೆ ರೇಷ್ಮೆ ಇಲಾಖೆಯ ವಿಸ್ತರಣಾಧಿಕಾರಿಯೊಬ್ಬರಿಂದ ಮುನಿರತ್ನಮ್ಮನವರ ಮಗನಿಗೆ ಹೇಳಿಸಿದೆ: ಹುಳುಮನೆಯೊಳಗೆ ಮಾತ್ರ ಬಳಸುವ ಬೇರೆ ಜೊತೆ ಚಪ್ಪಲಿ ಇಟ್ಟು, ಅದನ್ನು ಸೋಂಕುನಿವಾರಕದಲ್ಲಿ ಅದ್ದಿ ಒಣಗಿಸಿ ಧರಿಸುವುದು ಹುಳುವಿನ ಆರೋಗ್ಯಕ್ಕೂ ಒಳ್ಳೆಯದೇ. ಆ ಅಧಿಕಾರಿಯ ಮಾತಿಗೆ ನನ್ನ ಮಾತಿಗಿಂತ ತೂಕವಿತ್ತು.

ಹುಣ್ಣು ವಾಸಿಯಾದ ಮೇಲೆ ಬೇಕಾದ ಚಪ್ಪಲಿಯನ್ನೂ ಆಗಲೇ ನಿಗದಿ ಮಾಡಿದೆವು. ಎಂಸಿಆರ್ ಎಂದು ಕರೆಯುವ ಮೆತ್ತನೆಯ ರಬ್ಬರಿನ ಒಳಪದರ, ಮೊಳೆ ಚುಚ್ಚದ ಗಟ್ಟಿ ಅಡಿ, ಹಿಮ್ಮಡಿಗೆ ಪಟ್ಟಿ, ಮೇಲೆ ಅಂಟಿಸಿ ಬಿಚ್ಚುವ ಪಟ್ಟಿ. ಹವಾಯಿ ಚಪ್ಪಲಿ ಬೇಡ; ಬೆರಳ ಸಂದಿಯ ಬಾರು ಅಲ್ಲಿಯೇ ಹುಣ್ಣು ಮಾಡುತ್ತದೆ, ಕಾಲಿನಿಂದ ಜಾರಿ ಹೋದರೂ ಮರಗಟ್ಟಿದ ಪಾದಕ್ಕೆ ತಿಳಿಯದು. ಅಳತೆ ಕೊಡುವುದು ಸಂಜೆ, ಪಾದ ಸ್ವಲ್ಪ ಊದಿರುವಾಗ. ಧರಿಸುವ ಮುನ್ನ ಪ್ರತಿಸಲವೂ ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ಕತ್ತರಿಸಿದ ಹಿಪ್ಪುನೇರಳೆ ಕೂಳೆಯ ಚೂರೊಂದು ಒಳಗೆ ಉಳಿದರೂ ಸಾಕು.

ದಿನವೂ ಪಾದ ನೋಡುವವರು ಯಾರು ಎಂಬುದು ನಾನು ಎಣಿಸಿದ್ದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯಾಗಿ ಹೊರಬಂತು. ಮುನಿರತ್ನಮ್ಮನವರಿಗೆ ದೃಷ್ಟಿ ಮಂದ, ಬಗ್ಗಿ ಅಂಗಾಲು ನೋಡಿಕೊಳ್ಳಲಾಗದು. ಗಂಡ ನೋಡಲಿ ಎಂದರೆ "ಅವ್ರು ನನ್ನ ಕಾಲು ಮುಟ್ಟೋದಾ, ಪಾಪ ಸುತ್ಕೊಳ್ಳುತ್ತೆ" ಎಂದು ಕಣ್ಣೀರು ತಂದುಕೊಂಡರು. ಗಂಡನಿಗೆ ಅಭ್ಯಂತರವಿರಲಿಲ್ಲ, ಆಕೆಗಿತ್ತು. ಅದನ್ನು ಮುರಿಯುವುದು ನನ್ನ ಕೆಲಸವಲ್ಲ. ಸೊಸೆ ಆ ಹೊಣೆ ಹೊತ್ತಳು: ರಾತ್ರಿ ಊಟವಾದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಎಡಗಾಲು ತೊಳೆದು, ನೀರಿನ ಬಿಸಿಯನ್ನು ತನ್ನ ಮೊಣಕೈಯಿಂದಲೇ ನೋಡಿ, ಬೆರಳ ಸಂದಿಗಳನ್ನು ಒರೆಸಿ, ಸಂದಿ ಬಿಟ್ಟು ಉಳಿದೆಡೆ ಕೊಬ್ಬರಿ ಎಣ್ಣೆ ಸವರುವುದು, ಉಗುರನ್ನು ಮೂಲೆ ಇಳಿಸದೆ ನೇರವಾಗಿ ಕತ್ತರಿಸುವುದು, ಅನುಮಾನ ಬಂದರೆ ಮೊಬೈಲಿನಲ್ಲಿ ಫೋಟೊ ತೆಗೆದು ಇಡುವುದು. ಒಂದು ಕಾಲಿಗೆ ಕಟ್ಟು ಇರುವಾಗ ಇನ್ನೊಂದು ಕಾಲಿನ ಮೇಲೆ ಭಾರ ಬಿದ್ದು ಅಲ್ಲಿಯೂ ಹುಣ್ಣಾಗುವುದುಂಟು, ಆದ್ದರಿಂದ ಎಡಗಾಲಿನ ಮೇಲೆ ಹೆಚ್ಚು ಕಣ್ಣಿಡಲು ಹೇಳಿದೆ.

ಕಾಲುಂಗುರದ ಮಾತೂ ಬಂತು. ಊದಿದ ಬೆರಳಿನಲ್ಲಿ ಅದು ಬಿಗಿದು ಚರ್ಮದಲ್ಲಿ ಹೂತಿತ್ತು. ಮುತ್ತೈದೆಯಾದವಳು ತೆಗೆಯುವುದಿಲ್ಲವೆಂದರು. ತುದಿ ಬಿಟ್ಟ ಅಗಲವಾದ ಉಂಗುರವನ್ನು ಬೆಳ್ಳಿ ಕೆಲಸದವರಿಂದ ಮಾಡಿಸಿ, ವಾಸಿಯಾಗುವವರೆಗೆ ಬಲಗಾಲಿನದನ್ನು ತಾಳಿಯ ಸರಕ್ಕೆ ಪೋಣಿಸಿಕೊಳ್ಳುವ ದಾರಿಯನ್ನು ಅವರೇ ಕಂಡುಕೊಂಡರು.

ಊಟ ಮತ್ತು ಔಷಧಿಯ ವಿಚಾರ ಎರಡನೆಯ ಭೇಟಿಯಲ್ಲಿ ಬೇಗ ಮುಗಿಯಿತು. ರಾಗಿ ಮುದ್ದೆಗೆ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆಯಲ್ಲಿ ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದರು. ಒಂದು ಸಣ್ಣ ಮುದ್ದೆಗೆ ಇಳಿಸಿ, ಹುರುಳಿ ಅಥವಾ ಅವರೆಕಾಳಿನ ಸಾರನ್ನೂ ಸೊಪ್ಪಿನ ಪಲ್ಯವನ್ನೂ ಹೆಚ್ಚಿಸಲು ತಿಳಿಸಿದೆ. ಇನ್ಸುಲಿನ್ ಒಮ್ಮೆ ಹಿಡಿದರೆ ಬಿಡುವುದಿಲ್ಲವೆಂಬ ಭಯವಿತ್ತು. ಗಾಯ ಮಾಯುವ ಹೊತ್ತಿನಲ್ಲಿ ಸಕ್ಕರೆ ಬೇಗ ಇಳಿಯಬೇಕಾದ್ದರಿಂದ ವೈದ್ಯರು ಬರೆದಿದ್ದಾರೆ, ಮುಂದೇನೆಂಬುದನ್ನು ಸಕ್ಕರೆಯ ಮಟ್ಟ ನೋಡಿ ಅವರೇ ನಿರ್ಧರಿಸುತ್ತಾರೆ ಎಂದೆ. ಗಂಡ ಬೀಡಿ ಬಿಡಲು ಒಪ್ಪಿದ್ದು ನಾನು ನಿರೀಕ್ಷಿಸದಿದ್ದ ಲಾಭ.

ನಾಲ್ಕನೆಯ ವಾರ ಹುಣ್ಣಿನ ವಿಸ್ತಾರ ಅರ್ಧಕ್ಕಿಂತ ಕಡಿಮೆಯಾಗಿತ್ತು. ಈ ಅಳತೆ ಮುಖ್ಯ. ನಾಲ್ಕು ವಾರದಲ್ಲಿ ಅರ್ಧಕ್ಕೆ ಇಳಿಯದ ಹುಣ್ಣಿನಲ್ಲಿ ರಕ್ತದ ಹರಿವು, ಎಲುಬಿನ ಸೋಂಕು, ಭಾರ ಇವುಗಳನ್ನು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಒಂಬತ್ತನೆಯ ವಾರ ಚರ್ಮ ಮುಚ್ಚಿತು. ಮನೆಯವರು ಸಂಭ್ರಮಪಟ್ಟರು, ನನಗೂ ಸಂತೋಷವಾಯಿತು. ಆದರೆ ಒಮ್ಮೆ ಹುಣ್ಣಾಗಿ ವಾಸಿಯಾದ ಹತ್ತು ಮಂದಿಯಲ್ಲಿ ಸುಮಾರು ನಾಲ್ವರಿಗೆ ಒಂದೇ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ ಎಂಬುದನ್ನು ಅದೇ ದಿನ ಸ್ಪಷ್ಟವಾಗಿ ಹೇಳಿದೆ, ಏಕೆಂದರೆ ಜನ ಚಪ್ಪಲಿ ಬಿಡುವುದು ವಾಸಿಯಾದ ಮೇಲೆಯೇ.

ಸ್ಪರ್ಶವಿದ್ದು ರಕ್ತದ ಹರಿವೂ ಸರಿಯಿರುವ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಪಾದ ಪರೀಕ್ಷಿಸಿಕೊಂಡರೆ ಸಾಕು. ಇವರಂತೆ ಹುಣ್ಣಾಗಿದ್ದವರು ಒಂದರಿಂದ ಮೂರು ತಿಂಗಳಿಗೊಮ್ಮೆ ಬರಲೇಬೇಕು, ಬಂದಾಗ ಬೆಳೆದ ಜಡ್ಡನ್ನು ತರಬೇತಿ ಇರುವವರಿಂದಲೇ ತೆಗೆಸಬೇಕು. ಕೆಂಪಾಗುವುದು, ಊತ, ಕೆಟ್ಟ ವಾಸನೆ, ಕಪ್ಪಾಗುವುದು, ಜ್ವರ, ಕಾರಣವಿಲ್ಲದೆ ಸಕ್ಕರೆ ಏರುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಬರಬೇಕು. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಬಿಸಿಯಾಗಿ ಊದಿದರೆ ಅದೂ ತುರ್ತೇ. ಎಲುಬುಗಳೇ ಕುಸಿಯುವ ಶಾರ್ಕೋ ಪಾದ ಹೀಗೆಯೇ ಶುರುವಾಗುತ್ತದೆ. ಸೊಸೆಗೆ ಅಂಗೈಯ ಹಿಂಭಾಗದಿಂದ ಎರಡೂ ಪಾದಗಳ ಬಿಸಿಯನ್ನು ಹೋಲಿಸಿ ನೋಡುವುದನ್ನು ಕಲಿಸಿದೆ. ಒಂದೇ ಜಾಗದಲ್ಲಿ ಎರಡು ಪಾದಗಳ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸ ನಿಂತರೆ ಒಳಗೆ ಗಾಯ ಶುರುವಾಗಿರುವ ಸಂಭವವಿದೆ. ಕೈಗೆ ಅಷ್ಟು ನಿಖರತೆ ಇಲ್ಲದಿದ್ದರೂ ಅನುಮಾನ ಹುಟ್ಟಿಸಲು ಸಾಕು.

ಕಳೆದ ಭೇಟಿಯಲ್ಲಿ ಅವರು ಕೇಳಿದ್ದು ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ದರ್ಶನಕ್ಕೆ ಹೋಗಬಹುದೇ ಎಂದು. ಹೋಗಿ ಎಂದೆ. ಬಿಸಿಲೇರುವ ಮೊದಲು, ಕಲ್ಲುಹಾಸು ಕಾಯುವ ಮುನ್ನವೇ ಪ್ರದಕ್ಷಿಣೆ ಮುಗಿಸಿ. ಬಾಗಿಲವರೆಗೂ ಚಪ್ಪಲಿ ಇರಲಿ, ಒಳಗೆ ದಪ್ಪನೆಯ ಹತ್ತಿಯ ಕಾಲುಚೀಲ ಇರಲಿ, ಅದರ ಹೊಲಿಗೆ ಹೊರಮುಖವಾಗಿರಲಿ. ತೇರಿನ ನೂಕುನುಗ್ಗಲಿಗೆ ಇಳಿಯುವುದು ಬೇಡ. ಮನೆಗೆ ಬಂದ ಕೂಡಲೇ ಎರಡೂ ಅಂಗಾಲನ್ನು ಸೊಸೆಗೆ ತೋರಿಸಿ.