ಸ್ಟಾಕ್‌ಹೋಮ್‌ಗೆ ಹೊಸದಾಗಿ ಬಂದ ಬಾಗಲಕೋಟೆಯ ತಂಗಿಗೆ

ತಂಗಿ, ಇಲ್ಲಿಗೆ ಬಂದ ಮೇಲೆ ನಿನ್ನ ಮಾತು ಕಡಿಮೆಯಾಗಿದೆ, ಬೆಳಿಗ್ಗೆ ಏಳುವುದೇ ಭಾರವೆನಿಸುತ್ತದೆ, ನವನಗರದಲ್ಲಿದ್ದ ಹುಡುಗಿಯೇ ನಾನು ಹೌದೋ ಅಲ್ಲವೋ ಎಂಬ ಅನುಮಾನ ಬರುತ್ತಿದೆ ಎಂದು ಬರೆದಿದ್ದೀಯ. ಇದಕ್ಕೆ ಸ್ವೀಡಿಷ್ ಜನರ ಸ್ವಭಾವ ಕಾರಣವೋ, ನಿನ್ನ ಮನಸ್ಸಿನ ದೌರ್ಬಲ್ಯ ಕಾರಣವೋ ಎಂದು ಕೇಳಿದ್ದೀಯ. ಅವರನ್ನಾಗಲಿ ನಿನ್ನನ್ನಾಗಲಿ ದೂರುವ ಮೊದಲು, ನೀನು ವಾಸಿಸುತ್ತಿರುವ ಜಾಗವನ್ನು ಸಾವಧಾನವಾಗಿ ನೋಡು. ಬೆಳಕು, ಬಾಗಿಲು, ಮೆಟ್ಟಿಲುಗಳು ನಮ್ಮ ಮನಸ್ಸಿನ ಮೇಲೆ ಮಾಡುವ ಕೆಲಸವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಡಿಸೆಂಬರಿನಲ್ಲಿ ಬಾಗಲಕೋಟೆಯ ಹಗಲು ಸುಮಾರು 11 ಗಂಟೆಯಿದ್ದರೆ ಇಲ್ಲಿಯದು ಸುಮಾರು 6 ಗಂಟೆ ಮಾತ್ರ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದೊಳಗಿನ ಗಡಿಯಾರ ಸರಿಹೊಂದುತ್ತದೆ. ಅದು ಸಿಗದಿದ್ದರೆ ನಿದ್ದೆ, ಹಸಿವು, ಉತ್ಸಾಹ ಎಲ್ಲವೂ ಏರುಪೇರಾಗುತ್ತವೆ. ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲೇ ಚಳಿಗಾಲದ ಈ ಖಿನ್ನತೆಯನ್ನು ವಿವರಿಸಿದ್ದಾರೆ. ಬೆಳಿಗ್ಗೆ 10,000 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ದೀಪದ ಮುಂದೆ ಅರ್ಧ ಗಂಟೆ ಕೂರುವುದು ಅದಕ್ಕೆ ಇಂದಿಗೂ ಬಳಕೆಯಲ್ಲಿರುವ ಚಿಕಿತ್ಸೆ. ವಾರಗಟ್ಟಲೆ ಮನಸ್ಸು ಕುಗ್ಗಿಯೇ ಇದ್ದರೆ ತಡಮಾಡದೆ ವೈದ್ಯರನ್ನು ಕಾಣು. ಇಲ್ಲಿಯ ಜನರೂ ಈ ಕತ್ತಲೆಗೆ ಸುಮ್ಮನೆ ಶರಣಾಗಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಕಿಟಕಿ ಕಿಟಕಿಯಲ್ಲೂ ಅವರು ಇಡುವ ದೀಪ ಮನೆಯವರಿಗೆ ಎಷ್ಟೋ ಬೀದಿಯಲ್ಲಿ ನಡೆಯುವವರಿಗೂ ಅಷ್ಟೇ. ನೀನೂ ಒಂದನ್ನು ಇಡು.

ಬಾಗಿಲಿನ ವಿಷಯ ಇನ್ನೂ ಮುಖ್ಯ. ಹಳೆಯ ಬಾಗಲಕೋಟೆಯ ನಮ್ಮ ಓಣಿಯಲ್ಲಿ ಕಟ್ಟೆಗೆ ಕಟ್ಟೆ ಎದುರಾಗಿತ್ತು. ಪಕ್ಕದ ಮನೆಯ ರೊಟ್ಟಿ ಬಡಿಯುವ ಸಪ್ಪಳ ನಮ್ಮ ಪಡಸಾಲೆಗೆ ಕೇಳುತ್ತಿತ್ತು, ಯಾರನ್ನಾದರೂ ಮಾತಾಡಿಸಬೇಕೆಂದು ನಿಶ್ಚಯಿಸುವ ಅಗತ್ಯವೇ ಇರಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ನಾವೆಲ್ಲ ನವನಗರದ ಸೆಕ್ಟರುಗಳಿಗೆ ಹೋದಾಗ ರಸ್ತೆ ಅಗಲವಾಯಿತು, ಮನೆಗೆ ಕಾಂಪೌಂಡು ಬಂತು, ಅದೇ ಜನ ಒಬ್ಬರಿಗೊಬ್ಬರು ಅಪರೂಪವಾದರು. ಅವರ ಸ್ವಭಾವ ಒಂದೇ ವರ್ಷದಲ್ಲಿ ಬದಲಾಗಿತ್ತೆಂದು ನಾನು ನಂಬುವುದಿಲ್ಲ. ನಮ್ಮವ್ವ ಗೇಟಿನ ಹೊರಗೆ ಬೇವಿನ ಸಸಿ ನೆಟ್ಟು, ಅದರ ಪಕ್ಕ ಎರಡು ಹಾಸುಗಲ್ಲು ಹಾಕಿಸಿದಳು. ಕೆಲವು ವರ್ಷಗಳಲ್ಲಿ ಸಂಜೆಯ ಮಾತುಕತೆ ಅಲ್ಲಿ ಮತ್ತೆ ಕೂಡಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಸತಿಗಳನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಫೆಸ್ಟಿಂಗರ್ ಮತ್ತು ಸಂಗಡಿಗರು 1950ರಲ್ಲಿ ಹೇಳಿದ್ದೂ ಇದನ್ನೇ: ಮೆಟ್ಟಿಲಿನ ಬುಡದಲ್ಲಿ, ಅಂಚೆ ಪೆಟ್ಟಿಗೆಯ ಹತ್ತಿರ ಇದ್ದವರಿಗೆ ಹೆಚ್ಚು ಗೆಳೆಯರಾದರು, ಏಕೆಂದರೆ ಹೋಗುತ್ತಾ ಬರುತ್ತಾ ಎಲ್ಲರೂ ಅವರ ಕಣ್ಣಿಗೆ ಬೀಳುತ್ತಿದ್ದರು.

ಇಲ್ಲಿ ಚಳಿಯನ್ನು ತಡೆಯಲು ಮಾಡಿದ ದಪ್ಪ ಬಾಗಿಲು ಮತ್ತು ಎರಡು ಮೂರು ಪದರದ ಗಾಜುಗಳು ಮನುಷ್ಯರ ಸದ್ದನ್ನೂ ತಡೆಯುತ್ತವೆ. ತಲಬಾಗಿಲಿಗೆ ಕೋಡ್ ಇದೆ, ಒಳಗಿನ ಮೆಟ್ಟಿಲಿನಲ್ಲಿ ನಿಲ್ಲಲು ಜಾಗವಿಲ್ಲ. ಇಂಥ ಕಡೆ ಮಾತು ತಾನಾಗಿ ಹುಟ್ಟುವುದಿಲ್ಲವಾದ್ದರಿಂದ, ಅದು ಹುಟ್ಟುವ ಸ್ಥಳಗಳನ್ನು ನೀನು ಹುಡುಕಬೇಕಾಗುತ್ತದೆ. ಬಹಳಷ್ಟು ಕಟ್ಟಡಗಳ ಕೆಳಗೆ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ ಇರುತ್ತದೆ. ನಿನ್ನ ಸರದಿಯನ್ನು ಪ್ರತಿ ವಾರ ಒಂದೇ ಹೊತ್ತಿಗೆ ಕಾಯ್ದಿರಿಸು, ಆಗ ಹಿಂದಿನ ಮತ್ತು ಮುಂದಿನ ಸರದಿಯವರ ಮುಖ ಪರಿಚಯವಾಗುತ್ತದೆ. ವಸಂತ ಮತ್ತು ಶರತ್ಕಾಲದಲ್ಲಿ ನಿವಾಸಿಗಳು ಕೂಡಿ ಅಂಗಳ ಗುಡಿಸುವ ದಿನವಿದ್ದರೆ ಅದನ್ನು ಎಂದಿಗೂ ತಪ್ಪಿಸಬೇಡ. ನನಗೆ ಇಲ್ಲಿ ಸಿಕ್ಕ ಮೊದಲ ಸ್ನೇಹ ಕುಂಟೆ ಹಿಡಿದು ಎಲೆ ರಾಶಿ ಮಾಡುವಾಗಲೇ ಆದದ್ದು. ಕೆಲಸದ ನೆಪವಿದ್ದಾಗ ಇಲ್ಲಿಯವರು ಧಾರಾಳವಾಗಿ ಮಾತಾಡುತ್ತಾರೆ.

ಈಗಿನ ಬಾಡಿಗೆ ಕರಾರು ಮುಗಿಯಲಿದೆ ಎಂದಿದ್ದೀಯ. ಹೊಸ ಮನೆಯಲ್ಲಿ ಒಂದು ಕೋಣೆ ಕಡಿಮೆಯಾದರೂ ಚಿಂತೆಯಿಲ್ಲ, ಆದರೆ ದಕ್ಷಿಣದ ಕಿಟಕಿಯನ್ನು ಬಿಟ್ಟುಕೊಡಬೇಡ. ಡಿಸೆಂಬರಿನ ನಡುಹಗಲಿನಲ್ಲೂ ಸೂರ್ಯ ಇಲ್ಲಿ ದಿಗಂತದಿಂದ 7 ಡಿಗ್ರಿಯಷ್ಟೇ ಮೇಲೇರುವುದರಿಂದ, ಉತ್ತರಕ್ಕೆ ಮುಖ ಮಾಡಿದ ಮನೆಗೆ ತಿಂಗಳುಗಟ್ಟಲೆ ಬಿಸಿಲು ಬೀಳದು. ಕಿಟಕಿಯಿಂದ ಮರ ಕಂಡರೆ ಇನ್ನೂ ಒಳ್ಳೆಯದು: ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಗೋಡೆ ನೋಡುತ್ತ ಮಲಗಿದವರಿಗಿಂತ ಮರ ನೋಡುತ್ತ ಮಲಗಿದವರು ಬೇಗ ಚೇತರಿಸಿಕೊಂಡರೆಂದು ಸಂಶೋಧಕ ರೋಜರ್ ಉಲ್‌ರಿಚ್ 1984ರಲ್ಲಿ ಪ್ರಕಟಿಸಿದ್ದರು. ಮನೆ ನೋಡಲು ಸಂಜೆ ಹೋಗಬೇಡ, ಮಧ್ಯಾಹ್ನ 12ರ ಸುಮಾರಿಗೆ ಹೋಗು; ಒಬ್ಬಳೇ ಹೋಗಲು ಸಂಕೋಚವಾದರೆ ನಾನೂ ನನ್ನ ಹೆಂಡತಿಯೂ ಜೊತೆಗೆ ಬರುತ್ತೇವೆ.