‘ಜೊತೆಗೂಡಿ ನಡುಗುವ ನ್ಯಾನೊ ತಂತಿಗಳು’: ಲೇಖಕರಿಗೆ ಒಂದು ಪತ್ರ

ನಮಸ್ಕಾರ.

ಒಂದಕ್ಕೊಂದು ಜೋಡಣೆಯಾಗಿ ಕಂಪಿಸುವ ಅತಿ ಸಣ್ಣ ತಂತಿ, ಪೊರೆಗಳ ಕುರಿತ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡುವ ಮನಸ್ಸೂ ಇಲ್ಲ. ಭಾಷೆ ನಿಮಗೆ ಒಲಿದಿದೆ. ತೊಂದರೆ ಏನೆಂದರೆ, ವಿಷಯ ಕಷ್ಟವಾದಲ್ಲೆಲ್ಲ ನೀವು ಭಾಷೆಯ ಹಿಂದೆ ಅಡಗಿಕೊಳ್ಳುತ್ತೀರಿ.

1665ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಕಂಡ ಎರಡು ಲೋಲಕ ಗಡಿಯಾರಗಳಿಂದ ಶುರು ಮಾಡಿದ್ದೀರಿ. ಈ ವಿಷಯ ಬರೆಯುವವರೆಲ್ಲ ಅಲ್ಲಿಂದಲೇ ಹೊರಡುತ್ತಾರೆ, ಅದಿರಲಿ. ಆದರೆ ಲೋಲಕಗಳು ‘ಒಂದೇ ದಿಕ್ಕಿಗೆ ಜೊತೆಯಾಗಿ ತೂಗಿದವು’ ಎಂದಿದ್ದೀರಿ. ಅವರು ಕಂಡದ್ದು ತದ್ವಿರುದ್ಧ: ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ. ಮೇಲಾಗಿ ಗಡಿಯಾರದೊಳಗೆ ಲೋಲಕವನ್ನು ತಳ್ಳುತ್ತಲೇ ಇರುವ ಯಂತ್ರವಿದೆ. ನಿಮ್ಮ ನ್ಯಾನೊ ತಂತಿಗಳಿಗೆ ಆ ಆಸರೆ ಇಲ್ಲ. ಒಮ್ಮೆ ಮೀಟಿ ಬಿಟ್ಟರೆ ಇದ್ದ ಶಕ್ತಿಯಲ್ಲೇ ಕಂಪಿಸಿ ನಿಲ್ಲಬೇಕು. ಗಡಿಯಾರಗಳನ್ನು ತೆಗೆದುಹಾಕಿ.

ಮುಂದಿನ ಪುಟದ ಈ ವಾಕ್ಯ ನೋಡಿ: ‘ಜೋಡಣೆಯಾದ ಕೂಡಲೇ ಎರಡು ರೆಸೊನೇಟರ್‌ಗಳ ಕಂಪನಾಂಕಗಳು ಬೆರೆತು ಒಂದಾಗುತ್ತವೆ.’ ಓದಲು ಚೆಂದ, ಆದರೆ ತಪ್ಪು. ರೆಸೊನೇಟರ್ ಎಂದರೆ ತನ್ನದೇ ಕಂಪನಾಂಕದಲ್ಲಿ ಕಂಪಿಸುವ ವಸ್ತು, ಜೋಡಣೆ ಎಂದರೆ ಒಂದರ ಕಂಪನ ಇನ್ನೊಂದಕ್ಕೆ ದಾಟುವ ನಂಟು; ಇದನ್ನೂ ಓದುಗರಿಗೆ ಹೇಳಿ. ಅಕ್ಕಪಕ್ಕದ ಎರಡು ಗ್ರಾಫೀನ್ (ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ) ಪೊರೆಗಳನ್ನು ತೆಗೆದುಕೊಳ್ಳಿ. ಒಂದರ ಕೆಳಗಿನ ಗೇಟ್‌ಗೆ, ಅಂದರೆ ಲೋಹದ ವಿದ್ಯುದ್ವಾರಕ್ಕೆ, ವೋಲ್ಟೇಜ್ ಏರಿಸಿದರೆ ಸ್ಥಿರವಿದ್ಯುತ್ ಬಲ ಪೊರೆಯನ್ನು ಕೆಳಕ್ಕೆಳೆದು ಬಿಗಿಗೊಳಿಸುತ್ತದೆ. ಬಿಗಿ ಹೆಚ್ಚಿದಂತೆ ಕಂಪನಾಂಕವೂ ಏರಿ ನೆರೆಯದರ ಹತ್ತಿರಕ್ಕೆ ಬರುತ್ತದೆ. ಇನ್ನೇನು ಮುಟ್ಟಬೇಕು ಎನ್ನುವಷ್ಟರಲ್ಲಿ, ವೋಲ್ಟೇಜ್‌ಗೆ ತಕ್ಕಂತೆ ಕಂಪನಾಂಕ ತೋರಿಸುವ ನಕ್ಷೆಯ ಎರಡೂ ಗೆರೆಗಳು ಬಾಗಿ ದೂರ ಸರಿಯುತ್ತವೆ. ಅತಿ ಸಮೀಪ ಬಂದಾಗಲೂ ಉಳಿಯುವ ಅಂತರವೇ ಜೋಡಣೆಯ ಬಲದ ಅಳತೆ. ಅಲ್ಲಿ ಕಂಪನ ಈ ಪೊರೆಯದೋ ಆ ಪೊರೆಯದೋ ಎಂದು ಬೇರ್ಪಡಿಸಲಾಗದು: ಒಂದು ವಿಧಾನದಲ್ಲಿ ಎರಡೂ ಒಟ್ಟಿಗೆ ಏರಿಳಿಯುತ್ತವೆ, ಮತ್ತೊಂದರಲ್ಲಿ ಎದುರುಬದುರಾಗಿ. ಲೇಖನದ ಜೀವ ಇಲ್ಲಿತ್ತು. ನೀವು ಅದನ್ನು ದಾಟಿಕೊಂಡು ಹೋಗಿಬಿಟ್ಟಿದ್ದೀರಿ.

‘ಊಹೆಗೂ ನಿಲುಕದ ವೇಗದಲ್ಲಿ’ ಶಕ್ತಿ ವಿನಿಮಯವಾಗುತ್ತದೆ ಎಂದಿದ್ದೀರಿ. ಊಹೆಗೆ ಚೆನ್ನಾಗಿಯೇ ನಿಲುಕುತ್ತದೆ, ಲೆಕ್ಕ ಹಾಕಿ. ಎರಡೂ ಪೊರೆಗಳು 10 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಒಂದು ಕೋಟಿ ಸಲ, ಕಂಪಿಸುತ್ತವೆ, ಮೇಲೆ ಹೇಳಿದ ಅಂತರ 10 ಕಿಲೋಹರ್ಟ್ಸ್ ಎಂದಿಟ್ಟುಕೊಳ್ಳಿ. ಒಂದನ್ನು ಮೀಟಿದರೆ 50 ಮೈಕ್ರೋಸೆಕೆಂಡ್‌ಗಳಲ್ಲಿ, ಅಂದರೆ ಸುಮಾರು 500 ಕಂಪನಗಳಲ್ಲಿ, ಶಕ್ತಿ ಇನ್ನೊಂದಕ್ಕೆ ದಾಟುತ್ತದೆ. ಇನ್ನೂ 50ರಲ್ಲಿ ಮರಳುತ್ತದೆ. ಆದರೆ ಮರಳಲು ಶಕ್ತಿ ಉಳಿದಿರಬೇಕಲ್ಲ? ಕ್ವಾಲಿಟಿ ಫ್ಯಾಕ್ಟರ್ (ಹೆಚ್ಚಿದಷ್ಟೂ ಶಕ್ತಿ ನಿಧಾನವಾಗಿ ಸೋರುತ್ತದೆ ಎಂದು ತೋರಿಸುವ ಸಂಖ್ಯೆ) 10,000 ಇದ್ದರೆ ಶಕ್ತಿ ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿಯಲು ಸುಮಾರು 160 ಮೈಕ್ರೋಸೆಕೆಂಡ್ ಹಿಡಿಯುತ್ತದೆ, ಹೋಗಿಬರಲು ಸಮಯವಿದೆ. ಆ ಫ್ಯಾಕ್ಟರ್ ಬರೀ 500 ಆಗಿದ್ದರೆ ಸುಮಾರು 8 ಮೈಕ್ರೋಸೆಕೆಂಡ್‌ಗಳಲ್ಲೇ ಅಷ್ಟು ಸೋರಿಹೋಗುತ್ತದೆ. ಆಗ ಅಳತೆಯಲ್ಲಿ ಎರಡು ಕಂಪನಾಂಕಗಳ ಶಿಖರಗಳು ಬೇರೆಯಾಗಿ ಕಾಣದೆ ಒಂದೇ ಅಗಲವಾದ ಉಬ್ಬಾಗುತ್ತವೆ. ಜೋಡಣೆ ಇದ್ದೂ ಇಲ್ಲದಂತೆ. ಜೋಡಣೆಗೂ ಸೋರಿಕೆಗೂ ನಡುವಿನ ಈ ಪೈಪೋಟಿಯ ಸುಳಿವೇ ನಿಮ್ಮ ಬರಹದಲ್ಲಿ ಇಲ್ಲ. ಎರಡೂ ರೆಸೊನೇಟರ್‌ಗಳನ್ನು ಒಂದೇ ಆಧಾರಕ್ಕೆ ಬಿಗಿದಿದ್ದರೆ ಜೋಡಣೆಯೂ ಸೋರಿಕೆಯ ಒಂದು ಪಾಲೂ ಅದೇ ದಾರಿಯಲ್ಲಿ ನಡೆಯಬಹುದು. ಇದರ ಮೇಲೆ ಒಂದು ಪ್ಯಾರಾ ಖಂಡಿತ ಬರೆಯಿರಿ.

2012ರಲ್ಲಿ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಒಂದು 1.7 ಯೊಕ್ಟೊಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಪ್ರೋಟಾನ್‌ನಷ್ಟು ದ್ರವ್ಯರಾಶಿಯ ವ್ಯತ್ಯಾಸವನ್ನು ಗುರುತಿಸುವ ಮಟ್ಟ ಮುಟ್ಟಿದ್ದನ್ನು ಸೇರಿಸಿದ್ದೀರಿ. ಮಾಹಿತಿ ಸರಿಯಾಗಿದೆ. ಆದರೆ ಅದು ಒಂಟಿ ರೆಸೊನೇಟರ್‌ನ ಸಾಧನೆ, ಇಲ್ಲಿ ಅದಕ್ಕೆ ಕೆಲಸವಿಲ್ಲ. ‘ನ್ಯಾನೊ ಸಂಗೀತಕ್ಕೆ ಕಿವಿಗೊಡಿ’ ಎಂಬ ಉಪಶೀರ್ಷಿಕೆಯೂ ಹೋಗಲಿ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ಗೆ ಕೈಚೆಲ್ಲುತ್ತದೆ, ಮೇಲಿನ ಲೆಕ್ಕದ 10 ಮೆಗಾಹರ್ಟ್ಸ್ ಅದರ 500 ಪಟ್ಟು.

ಲೇಖನದಲ್ಲಿ ಮತ್ತೆ ಮತ್ತೆ ಬರುವ ಉಯ್ಯಾಲೆಯ ಹೋಲಿಕೆಯನ್ನು ಒಂದೇ ಕಡೆ ಇಟ್ಟುಕೊಳ್ಳಿ. ತಿದ್ದಿದ ಪ್ರತಿಯೊಂದಿಗೆ ಆ ಬಾಗುವ ಗೆರೆಗಳ ನಕ್ಷೆಯನ್ನು ನೀವೇ ಬರೆದು ಕಳುಹಿಸಿ, ಅಡ್ಡ ಅಕ್ಷದಲ್ಲಿ ವೋಲ್ಟೇಜ್, ಲಂಬ ಅಕ್ಷದಲ್ಲಿ ಕಂಪನಾಂಕ. ಭವಿಷ್ಯದ ಅದ್ಭುತಗಳ ಕೊನೆಯ ಪುಟ ಪೂರ್ತಿ ಬೇಡ.

— ಸಂಪಾದಕ